ಇಬ್ಬರ ಟ್ರೆಕ್ಕಿಂಗ್‌ಗೆ ಕಡಿಮೆ ಬೆಲೆಯ ಹಗುರ ಟೆಂಟ್: ಒಂದೇ ಪದರದ್ದು ಸಾಕಾ, ಎರಡು ಪದರ ಬೇಕಾ?

ಎರಡು ಪದರದ್ದೇ ತಗೊಳ್ಳಿ, ತೂಕ 2.5 ಕೆಜಿ ದಾಟದಿರಲಿ. ಒಂದೇ ಪದರದ್ದು ಅಗ್ಗ, ಹಗುರ, ನಿಜ. ಆದರೆ ರಾತ್ರಿ ಟೆಂಟ್ ಬಟ್ಟೆ ತಣ್ಣಗಾಗುತ್ತದೆ. ಇಬ್ಬರ ಉಸಿರಿನ ತೇವ ಅದಕ್ಕೆ ತಾಗಿ ನೀರಾಗುತ್ತದೆ. ಮಳೆ ಬರದಿದ್ದರೂ ಬೆಳಿಗ್ಗೆ ಸ್ಲೀಪಿಂಗ್ ಬ್ಯಾಗ್ ಒದ್ದೆ! ಎರಡು ಪದರವಿದ್ದರೆ ತೇವ ಒಳಗಿನ ಸೊಳ್ಳೆಪರದೆಯಂಥ ಬಲೆ ದಾಟಿ ಹೊರಗಿನ ಹೊದಿಕೆಯ ಮೇಲೆ ಹನಿಗಟ್ಟುತ್ತದೆ, ನಿಮಗೆ ತಾಗುವುದು ಕಡಿಮೆ. ಪಶ್ಚಿಮ ಘಟ್ಟದ ತೇವದ ಗಾಳಿಯಲ್ಲಂತೂ ಈ ಕಾಟ ಜಾಸ್ತಿ.

‘ಇಬ್ಬರಿಗೆ’ ಅಂತ ಬರೆದಿದ್ದನ್ನು ಸುಮ್ನೆ ನಂಬಬೇಡಿ. ಒಳಗಿನ ಅಗಲ 130 ಸೆಂ.ಮೀ. ಆದರೂ ಇದೆಯಾ ನೋಡಿ. ಊರುಗೋಲು ಬಳಸುವವರಾದರೆ, ಅದನ್ನೇ ಕಂಬವಾಗಿ ನಿಲ್ಲಿಸುವ ಟೆಂಟ್ ಇನ್ನೂ ಹಗುರ. ಬಂಡೆ ಮೇಲೆ ಮಾತ್ರ ಅದನ್ನು ನಿಲ್ಲಿಸುವುದು ಕಷ್ಟ, ಗೂಟ ಇಳಿಯಬೇಕಲ್ವಾ?