ಇಂಗ್ಲೆಂಡಿನ ಸಣ್ಣ ಹಳ್ಳಿಯಲ್ಲಿ ಮನೆ ಮಾಡಿದರೆ ಒಂಟಿತನ ಕಾಡುತ್ತಾ?

ಗಂಡನಿಗೆ ಶೆಫೀಲ್ಡ್‌ನಲ್ಲಿ ಕೆಲಸ, ನಗರ ಬೇಡ, ಹತ್ತಿರದ ಗುಡ್ಡಗಾಡು ಪ್ರದೇಶವಾದ ಪೀಕ್ ಡಿಸ್ಟ್ರಿಕ್ಟ್‌ನ ಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿಯುವ ಆಸೆ, ಆದರೆ ಅಲ್ಲಿನ ಜನ ಸೇರಿಸಿಕೊಳ್ಳುತ್ತಾರಾ ಅನ್ನುವ ಭಯ. ನಿಮ್ಮ ಪ್ರಶ್ನೆ ಓದುವಾಗ ಇದು ನಾನೇ ಬರೆದದ್ದಾ ಅನ್ನಿಸಿತು.

ನಾವು ಹೋಗಿ ನೆಲೆಸಿದ್ದು ಡರ್ಬಿಶೈರ್‌ನ ಈಮ್ ಎಂಬ ಹಳ್ಳಿಯಲ್ಲಿ. ಇಂಗ್ಲಿಷ್ ಅಕ್ಷರ ನೋಡಿ ನಾನು ಇಯಾಮ್ ಅನ್ನುತ್ತಿದ್ದೆ, ಊರಿನವರು ತಿದ್ದಿದರು. ಸಾವಿರದೊಳಗೆ ಜನ. ಒಂದು ಉದ್ದದ ಬೀದಿ, ಬೂದು ಕಲ್ಲಿನ ಮನೆಗಳು, ನಡುವೆ ಸಂತ ಲಾರೆನ್ಸ್ ಚರ್ಚು, ಸುತ್ತ ಗಾರೆ ಇಲ್ಲದೆ ಕಲ್ಲು ಪೇರಿಸಿದ ಗೋಡೆಗಳು, ಗೋಡೆಯಾಚೆ ಕುರಿಗಳು. ನಾನು ಕೊಪ್ಪದ ಹತ್ತಿರ ತೋಟದ ಮನೆಯಲ್ಲಿ ಬೆಳೆದವಳು. ಮಳೆ, ಚಳಿ, ಮೂರು ಕಿಲೋಮೀಟರ್ ನಡೆದು ಬಸ್ಸು ಹಿಡಿಯೋದು, ಇದೆಲ್ಲ ಗೊತ್ತಿದ್ದದ್ದೇ. ಹಳ್ಳಿ ಅಂದರೆ ಹಳ್ಳಿ, ಎಲ್ಲಾದರೂ ಒಂದೇ ಅಂದುಕೊಂಡೆ.

ನಾನು ಮಾಡಿದ ತಪ್ಪು ಲೈಸೆನ್ಸಿನದು. ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ದಯವಿಟ್ಟು ಓದಿ. ನನ್ನ ಗಂಡನಿಗೆ ಡ್ರೈವಿಂಗ್ ಬರುವುದಿಲ್ಲ, ಅವರು ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ನನ್ನ ಹತ್ತಿರ ಭಾರತದ ಲೈಸೆನ್ಸ್ ಇತ್ತು. ಅದನ್ನಿಟ್ಟುಕೊಂಡು 12 ತಿಂಗಳು ಕಾರು ಓಡಿಸಬಹುದು ಅನ್ನುವುದು ನನಗೆ ಗೊತ್ತಿತ್ತು. ಆಮೇಲೆ ಅಲ್ಲಿನ ಲೈಸೆನ್ಸ್ ಬೇಕು ಅನ್ನುವುದೂ ಗೊತ್ತಿತ್ತು. ಆದರೆ 12 ತಿಂಗಳನ್ನು ನಾನು ಕಾರು ಕೊಂಡ ದಿನದಿಂದ ಎಣಿಸಿದೆ! ನಾವು ಬಂದಿಳಿದದ್ದು ಅಕ್ಟೋಬರ್‌ನಲ್ಲಿ, ಕಾರು ಕೊಂಡದ್ದು ಜನವರಿ ಕೊನೆಗೆ. ಲೆಕ್ಕ ಶುರುವಾಗುವುದು ನೀವು ಅಲ್ಲಿ ವಾಸಕ್ಕೆ ಬಂದ ದಿನದಿಂದ. ಕಾರು ಇದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ. ಅಂದರೆ ನನ್ನ ಅವಧಿ ಅಕ್ಟೋಬರ್‌ನಲ್ಲೇ ಮುಗಿದಿತ್ತು. ನಾನು ಜನವರಿವರೆಗೂ ಆರಾಮವಾಗಿ ಓಡಿಸಿದೆ.

ಎರಡನೆಯ ತಪ್ಪು ಇದಕ್ಕೇ ಅಂಟಿಕೊಂಡದ್ದು. ನಮ್ಮ ಲೈಸೆನ್ಸ್ ಕೊಟ್ಟರೆ ಬದಲಿಗೆ ಅವರದು ಕೊಡುತ್ತಾರೆ ಅಂದುಕೊಂಡಿದ್ದೆ. ಕೆಲವು ದೇಶದವರಿಗೆ ಹಾಗೆ ಕೊಡುತ್ತಾರೆ. ಭಾರತ ಆ ಪಟ್ಟಿಯಲ್ಲಿಲ್ಲ. ನಾವು ಮೊದಲಿನಿಂದ ಶುರು ಮಾಡಬೇಕು: ಪ್ರೊವಿಷನಲ್ ಅಂದರೆ ಕಲಿಯುವವರ ಲೈಸೆನ್ಸ್, ಅದಾದ ಮೇಲೆ ಥಿಯರಿ ಪರೀಕ್ಷೆ, ಅದು ಪಾಸಾದ ಮೇಲೆ ರಸ್ತೆ ಪರೀಕ್ಷೆ. ಥಿಯರಿಯಲ್ಲಿ 50 ಪ್ರಶ್ನೆ, 43 ಸರಿಯಾಗಬೇಕು. ರಸ್ತೆ ಪರೀಕ್ಷೆಗೆ ದಿನಾಂಕ ಸಿಗುವುದೇ ತಿಂಗಳುಗಟ್ಟಲೆ ಕಾದ ಮೇಲೆ. ಇದನ್ನೆಲ್ಲ ಮೊದಲ ವರ್ಷದಲ್ಲೇ ಮುಗಿಸಿದ್ದರೆ ನಡುವೆ ಒಂದು ದಿನವೂ ಕಾರು ನಿಲ್ಲಿಸಬೇಕಾಗಿರಲಿಲ್ಲ.

ಗೊತ್ತಾದದ್ದು ಇನ್ಶೂರೆನ್ಸ್ ನವೀಕರಿಸಲು ಫೋನ್ ಮಾಡಿದಾಗ. ಯಾವ ಲೈಸೆನ್ಸ್, ದೇಶಕ್ಕೆ ಯಾವಾಗ ಬಂದಿರಿ ಎಂದು ಫೋನ್ ಎತ್ತಿದ ಹೆಂಗಸು ಕೇಳಿದಳು. ಹೇಳಿದೆ. ಆಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಗ ಕೈ ನಡುಗಿತು ನನಗೆ. ಮೂರು ತಿಂಗಳು ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಓಡಿಸಿದ್ದೇನೆ. ಯಾರಿಗಾದರೂ ಡಿಕ್ಕಿ ಆಗಿದ್ದರೆ? ಲೈಸೆನ್ಸ್ ನಡೆಯದ ಮೇಲೆ ನನ್ನ ಇನ್ಶೂರೆನ್ಸೂ ಇದ್ದೂ ಇಲ್ಲದ ಹಾಗೆ. ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸಿನ ಮೇಲೆ ತಪ್ಪಿನ ಲೆಕ್ಕಕ್ಕೆ 6 ಪಾಯಿಂಟ್. ದಂಡ ಬಿಡಿ, ಆ ಮೂರು ತಿಂಗಳು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅವತ್ತಿನಿಂದ ಕಾರು ಮನೆ ಮುಂದೆ ನಿಂತಿತು. ಐದು ಮೈಲಿ ದೂರದ ಒಂದು ಕೇರ್ ಹೋಮಿನಲ್ಲಿ ನನಗೆ ಕೆಲಸವಿತ್ತು, ಬೆಳಗ್ಗೆ 7ಕ್ಕೆ ಶಿಫ್ಟು. ಅಷ್ಟು ಬೇಗ ಆ ಕಡೆ ಬಸ್ಸಿಲ್ಲ. ಒಂದು ತಿಂಗಳು ಕಾದರು, ಆಮೇಲೆ ಬೇರೆಯವರನ್ನು ತೆಗೆದುಕೊಂಡರು. ಅವರದೇನೂ ತಪ್ಪಿಲ್ಲ. ಬಹಳ ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಅದು. ನಾಲ್ಕೂವರೆಗೆಲ್ಲ ಕತ್ತಲಾಗುವ ಚಳಿಗಾಲ, ಹೊರಗೆ ಮಂಜು, ಮನೆಯಲ್ಲಿ ನಾನೊಬ್ಬಳೇ. ನೀವು ಕೇಳಿದ ಒಂಟಿತನ ಇದೆಯಲ್ಲ, ಅದನ್ನು ನಾನು ನೋಡಿದ್ದು ಆವಾಗ. ಅದು ಬಂದದ್ದು ಬಸ್ಸಿಲ್ಲದೆ, ಜನರಿಂದ ಅಲ್ಲ.

ಈಮ್‌ನ ಕಥೆ ಇಲ್ಲಿ ಹೇಳಲೇಬೇಕು. 1665ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನಿಂದ ದರ್ಜಿಯ ಮನೆಗೆ ಬಂದ ಬಟ್ಟೆಯ ಜೊತೆ ಪ್ಲೇಗ್ ಬಂತು ಅನ್ನುತ್ತಾರೆ. ಮುಂದಿನ ವರ್ಷ ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಅವನಿಗಿಂತ ಮೊದಲು ಪಾದ್ರಿಯಾಗಿದ್ದ ಥಾಮಸ್ ಸ್ಟ್ಯಾನ್ಲಿ ಸೇರಿ ಜನರನ್ನು ಒಪ್ಪಿಸಿದರು: ಯಾರೂ ಊರು ಬಿಡಬಾರದು, ರೋಗ ಪಕ್ಕದ ಊರುಗಳಿಗೆ ಹೋಗಬಾರದು. ಸುಮಾರು 260 ಜನ ಸತ್ತರು. ಎಲಿಜಬೆತ್ ಹ್ಯಾನ್‌ಕಾಕ್ ಎಂಬ ಹೆಂಗಸು ಎಂಟು ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಮಣ್ಣು ಮಾಡಿದಳು. ಆ ಸಮಾಧಿಗಳು ಊರಾಚೆಯ ಹೊಲದಲ್ಲಿ ಇನ್ನೂ ಇವೆ. ಸ್ಟೋನಿ ಮಿಡಲ್ಟನ್ ಕಡೆಯ ಕಾಲುದಾರಿಯಲ್ಲಿ ತೂತು ಕೊರೆದ ಗಡಿಕಲ್ಲು ಇದೆ. ಊರಿನವರು ರೋಗ ಅಂಟದಿರಲಿ ಎಂದು ಆ ತೂತುಗಳಲ್ಲಿ ವಿನೆಗರ್ ಹಾಕಿ ನಾಣ್ಯ ಇಡುತ್ತಿದ್ದರು, ಹೊರಗಿನವರು ಊಟ ಇಟ್ಟು ಹೋಗುತ್ತಿದ್ದರು.

ಕಾರು ನಿಂತ ಮೇಲೆ ನಾನು ಮಗಳನ್ನು ಶಾಲೆಗೆ ಬಿಟ್ಟು ದಿನಾ ಆ ಕಲ್ಲಿನವರೆಗೆ ನಡೆಯತೊಡಗಿದೆ. ನಡೆದರೆ ಜನ ಸಿಗುತ್ತಾರೆ. ಕಾರಿನಲ್ಲಿ ಓಡಾಡುತ್ತಿದ್ದ ಅಷ್ಟು ದಿನ ಮುಖ ಮಾತ್ರ ಗೊತ್ತಿದ್ದವರು, ಈಗ ನಿಂತು ಮಾತಾಡಿಸಿದರು. ಪಕ್ಕದ ಮನೆಯ 74 ವರ್ಷದ ಅಜ್ಜಿ ನನ್ನನ್ನು "ಡಕ್" ಅನ್ನುತ್ತಿದ್ದರು. ಆ ಕಡೆ ಪ್ರೀತಿಯಿಂದ ಹಾಗೇ ಕರೆಯೋದು, ನಮ್ಮಲ್ಲಿ ಪುಟ್ಟಾ ಅಂದ ಹಾಗೆ. ಹಿಮ ಬಿದ್ದ ವಾರ ಅವರು ಹಾಲು, ಬ್ರೆಡ್ಡು ತಂದು ನಮ್ಮ ಗೇಟಿನ ಮೇಲೆ ಇಟ್ಟು ಹೋಗಿದ್ದರು. ಕಲಿಯುವವರ ಪಕ್ಕ 21 ದಾಟಿದ, ಲೈಸೆನ್ಸ್ ಸಿಕ್ಕಿ 3 ವರ್ಷವಾದ ಒಬ್ಬರು ಕೂರಬೇಕು ಅನ್ನುವುದು ಕಾನೂನು. ನಾನು ಬೇರೆ ಇನ್ಶೂರೆನ್ಸ್ ಮಾಡಿಸಿಕೊಂಡೆ, ಕೆಂಪು ಎಲ್ ಬೋರ್ಡು ಅಂಟಿಸಿದೆ, ಅಜ್ಜಿ ನಾಲ್ಕು ತಿಂಗಳು ವಾರಕ್ಕೆ ಮೂರು ದಿನ ನನ್ನ ಪಕ್ಕ ಕೂತರು. ಜೂನ್ ಕೊನೆಗೆ ಚೆಸ್ಟರ್‌ಫೀಲ್ಡ್‌ನಲ್ಲಿ ಪಾಸಾದೆ. ಅವರು ನನಗಿಂತ ಜಾಸ್ತಿ ಖುಷಿಪಟ್ಟರು.

ಆಗಸ್ಟ್‌ನಲ್ಲಿ ಅವರೇ ನನ್ನನ್ನು ಬಾವಿ ಅಲಂಕಾರಕ್ಕೆ ಕರೆದುಕೊಂಡು ಹೋದರು. ದೊಡ್ಡ ಹಲಗೆಗಳಿಗೆ ಒದ್ದೆ ಜೇಡಿಮಣ್ಣು ಮೆತ್ತಿ, ಹೂವಿನ ಎಸಳು, ಬೀಜ, ಎಲೆ ಒತ್ತಿ ಚಿತ್ರ ಮಾಡಿ ಊರಿನ ಬಾವಿಗಳ ಬಳಿ ನಿಲ್ಲಿಸುತ್ತಾರೆ. ಎಸಳನ್ನು ಕೆಳಗಿನಿಂದ ಮೇಲಕ್ಕೆ, ಒಂದರ ಮೇಲೊಂದು ಸ್ವಲ್ಪ ಹೊದಿಸುತ್ತಾ ಬರಬೇಕು, ಮಳೆನೀರು ಜಾರಿಹೋಗಲಿ ಅಂತ. ನಮ್ಮ ಮನೆಯ ಹೆಂಚಿನ ಹಾಗೇ ಅಲ್ವಾ ಅಂದೆ. ಹೆಂಚು ಅಂದರೇನು, ಮಲೆನಾಡು ಎಲ್ಲಿ ಎಂದು ಕೇಳುತ್ತಾ ನಾಲ್ಕು ಹೆಂಗಸರು ರಾತ್ರಿ ಹತ್ತರವರೆಗೆ ನನ್ನ ಜೊತೆ ಕೂತಿದ್ದರು.

ಆದ್ದರಿಂದ ಜನ ಸೇರಿಸಿಕೊಳ್ಳುತ್ತಾರಾ ಅನ್ನುವ ಪ್ರಶ್ನೆ ಬಿಡಿ. ದುರುಗುಟ್ಟಿ ನೋಡಿದವರು ಒಬ್ಬಿಬ್ಬರು ಇದ್ದರು, ಅಂಥವರು ಎಲ್ಲ ಕಡೆ ಇರುತ್ತಾರೆ. ನೀವು ಕೇಳಬೇಕಾದ್ದು ಕೊನೆಯ ಬಸ್ಸು ಎಷ್ಟು ಗಂಟೆಗೆ, ಭಾನುವಾರ ಎಷ್ಟಿವೆ ಎಂದು. ನಿಮ್ಮಿಬ್ಬರಲ್ಲಿ ಒಬ್ಬರಿಗೂ ಡ್ರೈವಿಂಗ್ ಬರದಿದ್ದರೆ ಈಮ್‌ನಂಥ ಊರು ಬೇಡವೇ ಬೇಡ, ಹ್ಯಾದರ್‌ಸೇಜ್ ನೋಡಿ. ಅದೂ ಹಳ್ಳಿಯೇ, ಆದರೆ ಶೆಫೀಲ್ಡ್-ಮ್ಯಾಂಚೆಸ್ಟರ್ ರೈಲು ಅಲ್ಲಿ ನಿಲ್ಲುತ್ತದೆ. ಬಾಡಿಗೆ ಜಾಸ್ತಿ ಎನಿಸಿದರೂ ಕೊಡಿ. ನೆಮ್ಮದಿ, ಮೌನ ಅಂತ ಮಾತ್ರ ಸುಮ್ನೆ ಹೋಗಬೇಡಿ. ಮರಿ ಹಾಕುವ ಕಾಲದಲ್ಲಿ ರಾತ್ರಿಯೆಲ್ಲ ಕುರಿ ಕೂಗುತ್ತವೆ, ಚರ್ಚಿನ ಗಂಟೆ ಇದೆ, ಟ್ರ್ಯಾಕ್ಟರ್ ಇದೆ, ರಜಾದಿನ ಬಂದರೆ ಬೀದಿ ತುಂಬ ಪ್ರವಾಸಿಗರು.

ಡ್ರೈವಿಂಗ್ ಬರುವುದಾದರೆ, ಬಂದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಪ್ರೊವಿಷನಲ್‌ಗೆ ಆದಷ್ಟು ಬೇಗ ಅರ್ಜಿ ಹಾಕಿ, ಆನ್‌ಲೈನಿನಲ್ಲಿ 34 ಪೌಂಡ್. ಥಿಯರಿ ಪಾಸಾದ ದಿನವೇ ರಸ್ತೆ ಪರೀಕ್ಷೆ ಬುಕ್ ಮಾಡಿ. ಆಗಸ್ಟ್ ಕೊನೆಗೆ ಅಲ್ಲಿ ಇರುವುದಾದರೆ ಈಮ್‌ಗೆ ಒಮ್ಮೆ ಬನ್ನಿ, ಎಸಳು ಒತ್ತಲು ಆ ವಾರ ಎಷ್ಟು ಕೈ ಇದ್ದರೂ ಸಾಲುವುದಿಲ್ಲ.