ಕರೆಂಟ್ ಬಿಲ್ ಇಳಿಸುವ ನೆರವು: ಯಾರು ಅರ್ಹರು, ಮನೆಯಲ್ಲಿ ಮೊದಲು ಏನು ಬದಲಿಸಬೇಕು?

ಕರೆಂಟ್, ಗ್ಯಾಸ್, ಸೌದೆಯ ಖರ್ಚು ತಗ್ಗಿಸಲು ಸರ್ಕಾರದಿಂದ ಸಿಗುವ ನೆರವಿನ ಬಗ್ಗೆ ಶಿವಮೊಗ್ಗ ಜಿಲ್ಲೆಯ ಓದುಗರು ಕಳಿಸಿದ ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಬಹಳಷ್ಟು ಜನ ಮೊದಲು ಕೇಳುವುದು ಸಬ್ಸಿಡಿ ಎಷ್ಟು ಎಂದು. ಅದಕ್ಕಿಂತ ಮುಂಚೆ ಮೀಟರ್ ಯಾರ ಹೆಸರಿನಲ್ಲಿದೆ, ತಿಂಗಳ ಯೂನಿಟ್ ಯಾವುದಕ್ಕೆ ಹೋಗುತ್ತಿದೆ ಎಂಬುದು ನಿಮಗೆ ಗೊತ್ತಿರಬೇಕು. ಅರ್ಜಿ ಎಲ್ಲಿ ಸಿಕ್ಕಿಕೊಳ್ಳುತ್ತದೆ, ದುಡ್ಡು ಎಲ್ಲಿ ಉಳಿಯುತ್ತದೆ ಎಂಬುದು ಬಹುಪಾಲು ಇವೆರಡರಿಂದಲೇ ತೀರ್ಮಾನವಾಗುತ್ತದೆ.

ಪ್ರಶ್ನೆ: ಶಿವಮೊಗ್ಗದ ವಿನೋಬನಗರದಲ್ಲಿ ಬಾಡಿಗೆಗಿದ್ದಾಗ ಗೃಹಜ್ಯೋತಿಯಿಂದ ಬಿಲ್ ಸೊನ್ನೆ ಬರುತ್ತಿತ್ತು. ಈಗ ಗೋಪಾಳದ ಹೊಸ ಮನೆಗೆ ಬಂದಿದ್ದೇವೆ, ಇಲ್ಲೂ ನೋಂದಾಯಿಸಿದ್ದೇವೆ. ಮೊದಲಿನಂತೆ 110 ಯೂನಿಟ್ ಬಳಸಿದರೂ ಮುನ್ನೂರು ರೂಪಾಯಿ ಮೇಲೆ ಬಿಲ್ ಬಂದಿದೆ. ನಮ್ಮ ಅರ್ಹತೆ ಹೋಯಿತೇ?

ಉತ್ತರ: ಹೋಗಿಲ್ಲ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ತಿಳಿದವರು ಇವತ್ತಿಗೂ ಇದ್ದಾರೆ. 200 ಎನ್ನುವುದು ಮೇಲಿನ ಮಿತಿ ಮಾತ್ರ. ನಿಮ್ಮ ಪಾಲಿಗೆ ಉಚಿತವಾಗುವುದು ಆ ಮೀಟರಿನಲ್ಲಿ 2022–23ರ ಸಾಲಿನಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಕೆಯಾಗಿತ್ತೋ ಅಷ್ಟು, ಅದರ ಮೇಲೆ ಶೇ 10. ತೀರಾ ಕಡಿಮೆ, ಅಂದರೆ 48 ಯೂನಿಟ್‌ಗಿಂತ ಕೆಳಗೆ ಬಳಸುತ್ತಿದ್ದವರಿಗೆ 2024ರಲ್ಲಿ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿ ಕೊಟ್ಟರು. ಆ ವರ್ಷದ ಲೆಕ್ಕವೇ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು 58 ಎಂದು ನಿಗದಿ ಮಾಡಿದರು. ನಿಮಗೆ ಆಗಿರುವುದು ಇದೇ ಇರಬೇಕು. 110ರಲ್ಲಿ 58 ಕಳೆದರೆ 52 ಉಳಿಯಿತು. ಯೂನಿಟ್‌ಗೆ ಆರು ರೂಪಾಯಿ ಆಸುಪಾಸಿನಲ್ಲಿ ನಿಮ್ಮ ಬಿಲ್ ಮೊತ್ತಕ್ಕೆ ಸರಿಹೋಗುತ್ತದೆ.

ನೀವು ಎಷ್ಟು ಮಿತವಾಗಿ ಬಳಸುವವರು ಎಂಬುದನ್ನು ಯೋಜನೆ ನೋಡುವುದಿಲ್ಲ, ಮೀಟರಿನ ಹಿಂದಿನ ಲೆಕ್ಕವನ್ನು ನೋಡುತ್ತದೆ. ಬಾಡಿಗೆಯವರಿಗೆ ಇದು ಅನ್ಯಾಯ ಎಂದೇ ನನಗೆ ಅನ್ನಿಸುತ್ತದೆ, ಆದರೆ ನಿಯಮ ಹಾಗಿದೆ. ಮುಂದೆ ಮನೆ ಹುಡುಕುವಾಗ ಮಾಲೀಕರ ಹತ್ತಿರ ಒಂದು ಹಳೇ ಬಿಲ್ ಕೇಳಿ ನೋಡಿ, ಅರ್ಹ ಯೂನಿಟ್ ಎಷ್ಟು ಎಂಬುದು ಅದರಲ್ಲೇ ಇರುತ್ತದೆ. ಹಳೇ ಮನೆಯ ಆರ್‌ಆರ್ ನಂಬರಿನಿಂದ (ಬಿಲ್‌ನಲ್ಲಿರುವ ಸಂಪರ್ಕದ ಸಂಖ್ಯೆ) ನಿಮ್ಮ ಆಧಾರ್ ಬಿಡಿಸಿಕೊಂಡಿದ್ದೀರೋ ಇಲ್ಲವೋ ಅದನ್ನೂ ಖಚಿತ ಮಾಡಿಕೊಳ್ಳಿ. ಸೇವಾಸಿಂಧುವಿನಲ್ಲಿ ‘ಡಿ-ಲಿಂಕ್’ ಅವಕಾಶ ಇದೆ. ಒಬ್ಬರಿಗೆ ಒಂದೇ ಮೀಟರ್. ನೀವು ಬಿಡಿಸಿಕೊಳ್ಳದಿದ್ದರೆ ತೊಂದರೆ ಹಳೇ ಮನೆಗೆ ಬಂದವರಿಗೂ ತಟ್ಟಬಹುದು.

ಪ್ರಶ್ನೆ: ಸಾಗರದಲ್ಲಿ ಸ್ವಂತ ಮನೆ, ಐದು ಜನ ಇದ್ದೇವೆ. ಬಿಲ್‌ನಲ್ಲಿ ಅರ್ಹ ಯೂನಿಟ್ 143 ಎಂದಿದೆ. ಮಳೆಗಾಲದಲ್ಲಿ ತೊಂದರೆ ಇಲ್ಲ. ಮಾರ್ಚ್‌ನಿಂದ ಮೇವರೆಗೆ ಮಾತ್ರ 205, 215 ಹೀಗೆ ಆಗಿ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಹಳೇ ಫ್ಯಾನ್ ಮೂರು, ಹದಿನಾಲ್ಕು ವರ್ಷದ ಫ್ರಿಜ್, ಒಂದು ಗೀಸರ್ ಇದೆ. ಫ್ರಿಜ್ ಬದಲಿಸೋಣ ಎಂದು ಮಗ ಹೇಳುತ್ತಾನೆ. ಏನು ಮಾಡಲಿ?

ಉತ್ತರ: ಮಗನಿಗೆ ಸ್ವಲ್ಪ ತಡೆಯಲು ಹೇಳಿ. ಮೊದಲು ಫ್ಯಾನ್.

ನಿಮ್ಮ ಬಿಲ್ ಹಾರುವುದು ಏಕೆಂದು ನೋಡೋಣ. 143 ದಾಟಿ 200ರ ಒಳಗೆ ಇದ್ದರೆ ದಾಟಿದ ಯೂನಿಟ್‌ಗಳಿಗಷ್ಟೇ ಹಣ. 195 ಯೂನಿಟ್ ಆದರೆ 52 ಯೂನಿಟ್‌ನದು, ಸುಮಾರು ಮುನ್ನೂರು ರೂಪಾಯಿ. 200 ದಾಟಿತೋ, ಆ ತಿಂಗಳು ಮೊದಲ ಯೂನಿಟ್‌ನಿಂದಲೇ ಕಟ್ಟಬೇಕು. 210 ಯೂನಿಟ್‌ಗೆ ತೆರಿಗೆ, ನಿಗದಿತ ಶುಲ್ಕ ಬಿಟ್ಟೇ ಸಾವಿರದ ಇನ್ನೂರು ದಾಟುತ್ತದೆ. ಹದಿನೈದು ಯೂನಿಟ್ ಹೆಚ್ಚು ಬಳಸಿದ್ದಕ್ಕೆ ಸಾವಿರ ರೂಪಾಯಿಯ ವ್ಯತ್ಯಾಸ. ಹಾಗಾಗಿ ನಿಮ್ಮಂಥ ಮನೆಗಳಲ್ಲಿ ಆ ಕೊನೆಯ ಇಪ್ಪತ್ತು ಮೂವತ್ತು ಯೂನಿಟ್ ಉಳಿಸುವುದೇ ದೊಡ್ಡ ಕೆಲಸ.

ಹಳೇ ಸೀಲಿಂಗ್ ಫ್ಯಾನ್ 75 ವಾಟ್ ಎಳೆಯುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಮೂರು ಫ್ಯಾನಿಗೆ 81. ಅದೇ ಗಾಳಿಯನ್ನು ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30 ವಾಟ್ ಆಸುಪಾಸಿನಲ್ಲಿ ಕೊಡುತ್ತದೆ, ತಿಂಗಳಿಗೆ 11 ಯೂನಿಟ್. ಎರಡು ಫ್ಯಾನ್ ಬದಲಿಸಿದರೆ ಮೂವತ್ತೆರಡು ಯೂನಿಟ್ ಇಳಿದು, ನಿಮ್ಮ 205–215 ಎನ್ನುವುದು 173–183ಕ್ಕೆ ಬರುತ್ತದೆ. ಎರಡಕ್ಕೆ ಸುಮಾರು ಆರು ಸಾವಿರ ಆಗಬಹುದು, ಎರಡು ಬೇಸಿಗೆಯಲ್ಲಿ ದುಡ್ಡು ವಾಪಸ್. ರಾತ್ರಿಯಿಡೀ ತಿರುಗುವ ಮಲಗುವ ಕೋಣೆಯದನ್ನೇ ಮೊದಲು ಬದಲಿಸಿ. ಜಗಲಿಯಲ್ಲಿ ಯಾರಾದರೂ ಬಂದಾಗ ಹಾಕುವ ಫ್ಯಾನ್ ಹಾಗೇ ಇರಲಿ.

ಸಂಜೆ ಹೊತ್ತು ವೋಲ್ಟೇಜ್ ಬಿದ್ದಾಗ ಹಳೇ ಫ್ಯಾನ್ ಗಾಳಿಯೇ ಬರದಂತೆ ತೆವಳುತ್ತದೆ. ಬಿಎಲ್‌ಡಿಸಿ ಫ್ಯಾನ್ ಆಗಲೂ ಒಂದೇ ವೇಗದಲ್ಲಿ ತಿರುಗುತ್ತದೆ. ಕರೆಂಟ್ ಹೋದಾಗ ಇನ್ವರ್ಟರ್ ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಮಲೆನಾಡಿನವರಿಗೆ ನಾನು ಇದನ್ನು ಒತ್ತಿ ಹೇಳುವುದು ಈ ಕಾರಣಕ್ಕೆ. ಹಾಕಿಸುವಾಗ ಗೋಡೆಯ ಹಳೇ ರೆಗ್ಯುಲೇಟರ್ ಬಿಚ್ಚಿಸಿ ನೇರ ಸ್ವಿಚ್ಚಿಗೆ ಕೊಡಿಸಿ, ಇಲ್ಲದಿದ್ದರೆ ಫ್ಯಾನ್ ಕೆಡುತ್ತದೆ. ಸ್ಟಾರ್ ಚೀಟಿ ಇಲ್ಲದ ಫ್ಯಾನ್ ಕೊಳ್ಳಬೇಡಿ. 2023ರಿಂದ ಸೀಲಿಂಗ್ ಫ್ಯಾನಿಗೂ ಅದು ಕಡ್ಡಾಯ.

ಎರಡನೆಯದು ಗೀಸರ್. ಇಪ್ಪತ್ತು ಲೀಟರ್ ತಣ್ಣೀರನ್ನು ಸ್ನಾನದ ಹದಕ್ಕೆ ಕಾಯಿಸಲು ಅರ್ಧ ಯೂನಿಟ್ ಮೇಲೆ ಬೇಕು. ಐದು ಜನರೂ ಗೀಸರ್ ನೀರನ್ನೇ ಬಳಸಿದರೆ ತಿಂಗಳಿಗೆ ಎಪ್ಪತ್ತು ಎಂಬತ್ತು ಯೂನಿಟ್ ಬರಿ ಬಚ್ಚಲಿಗೆ. ಮನೆಯಲ್ಲಿ ಹಂಡೆ, ಬಚ್ಚಲು ಒಲೆ ಇದ್ದು, ಅಡಿಕೆ ಸಿಪ್ಪೆ, ತೆಂಗಿನ ಸೋಗೆ ಹಿತ್ತಲಲ್ಲೇ ಬಿದ್ದಿದ್ದರೆ, ಆ ಮೂರು ತಿಂಗಳಾದರೂ ಅದನ್ನು ಉರಿಸಿ. ಇಲ್ಲದಿದ್ದರೆ ಗೀಸರಿನ ಶಾಖವನ್ನು 50 ಡಿಗ್ರಿಗೆ ಇಳಿಸಿ, ಎಲ್ಲರೂ ಒಂದೇ ಹೊತ್ತಿನಲ್ಲಿ ಸ್ನಾನ ಮುಗಿಸಿ ಸ್ವಿಚ್ ಆರಿಸಿ.

ಫ್ರಿಜ್ ವಿಚಾರ. ಬಾಗಿಲಿನ ರಬ್ಬರ್ ಸಡಿಲವಾಗಿದ್ದರೆ ಈಗಲೇ ಬದಲಿಸಿ, ಗೋಡೆಯಿಂದ ಒಂದು ಗೇಣು ಮುಂದೆ ತನ್ನಿ. ಅದು ಕೆಟ್ಟ ದಿನ ಹೊಸದು ತರುವಾಗ ನಕ್ಷತ್ರ ಎಣಿಸಿ ಸುಮ್ಮನಾಗಬೇಡಿ, ಚೀಟಿಯಲ್ಲಿ ಬರೆದ ವರ್ಷದ ಯೂನಿಟ್ ಓದಿ. ನಕ್ಷತ್ರದ ಮಾನದಂಡವನ್ನು ಆಗಾಗ ಬಿಗಿ ಮಾಡುತ್ತಾರೆ, ಹಾಗಾಗಿ ಹಳೇ ದಾಸ್ತಾನಿನ ಐದು ನಕ್ಷತ್ರವೂ ಹೊಸ ಐದು ನಕ್ಷತ್ರವೂ ಒಂದೇ ಅಲ್ಲ.

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹೆಂಚಿನ ಮನೆ, ಸುತ್ತ ಅಡಿಕೆ ತೋಟ. ತಿಂಗಳಿಗೆ 260–300 ಯೂನಿಟ್ ಆಗುತ್ತದೆ. ಸೂರಿನ ಮೇಲೆ ಸೋಲಾರ್ ಹಾಕಿಸುವ ಪಿಎಂ ಸೂರ್ಯಘರ್ ಯೋಜನೆಗೆ ಅರ್ಜಿ ಹಾಕಬೇಕೆಂದಿದ್ದೇನೆ. ಮೀಟರ್ ತೀರಿಹೋದ ಅಪ್ಪನ ಹೆಸರಿನಲ್ಲಿದೆ. ನಮಗೆ ಸಬ್ಸಿಡಿ ಸಿಗುತ್ತದೆಯೇ? ನಮ್ಮ ಮಳೆಗೆ ಸೋಲಾರ್ ಸರಿಯೇ?

ಉತ್ತರ: ಮೊದಲು ಹೆಸರಿನ ಕೆಲಸ ಮುಗಿಸಿ. ಅರ್ಜಿದಾರರ ಹೆಸರು, ಮೀಟರಿನ ಹೆಸರು, ಬ್ಯಾಂಕ್ ಖಾತೆಯ ಹೆಸರು ಮೂರೂ ಹೊಂದಬೇಕು. ಅಪ್ಪನ ಹೆಸರಿನಲ್ಲೇ ಇಟ್ಟು ಅರ್ಜಿ ಹಾಕಿದರೆ ಸಬ್ಸಿಡಿ ಬರುವ ಹೊತ್ತಿಗೆ ಸಿಕ್ಕಿಕೊಳ್ಳುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಮನೆಯ ಖಾತೆ ಅಥವಾ ಇ-ಸ್ವತ್ತು, ಅಣ್ಣ ತಮ್ಮ ಅಕ್ಕ ತಂಗಿಯರ ಒಪ್ಪಿಗೆ ಪತ್ರ ಹಿಡಿದುಕೊಂಡು ಕರೆಂಟ್ ಕಂಪನಿ ಮೆಸ್ಕಾಂನ ಉಪವಿಭಾಗ ಕಚೇರಿಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಿ. ಹಿಸೆ ಆಗದ ಕೂಡು ಮನೆಗಳಲ್ಲಿ ಆ ಒಪ್ಪಿಗೆ ಪತ್ರಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ, ಇವತ್ತೇ ಶುರು ಮಾಡಿ.

ಉಳಿದ ಅರ್ಹತೆ ಸರಳ. ಸ್ವಂತ ಮನೆ, ಗೃಹಬಳಕೆಯ ಸಂಪರ್ಕ, ಫಲಕ ಕೂರಿಸಲು ತಕ್ಕ ಸೂರು, ಹಿಂದೆ ಸೋಲಾರ್ ಫಲಕಕ್ಕೆ ಬೇರೆ ಸಬ್ಸಿಡಿ ಪಡೆದಿರಬಾರದು. ಆದಾಯದ ಮಿತಿ ಇಲ್ಲ. 2024ರ ಫೆಬ್ರುವರಿಯಲ್ಲಿ ಶುರುವಾದ ಈ ಯೋಜನೆಯಲ್ಲಿ 1 ಕಿಲೋವಾಟಿಗೆ 30,000, 2ಕ್ಕೆ 60,000, 3 ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಕೇಂದ್ರದ ಸಬ್ಸಿಡಿ. ಅದು ಮೊದಲೇ ಕೈಗೆ ಬರುವುದಿಲ್ಲ. ಪೂರ್ತಿ ಕೂರಿಸಿ, ಲೈನಿನಿಂದ ಬಂದದ್ದು, ಲೈನಿಗೆ ಹೋದದ್ದು ಎರಡನ್ನೂ ಲೆಕ್ಕ ಹಿಡಿಯುವ ಮೀಟರ್ ಹಾಕಿ, ಮೆಸ್ಕಾಂನವರು ಪರಿಶೀಲಿಸಿದ ಮೇಲೆ ನಿಮ್ಮ ಖಾತೆಗೆ ಜಮಾ ಆಗುತ್ತದೆ. ಅಲ್ಲಿಯವರೆಗಿನ ದುಡ್ಡು ನಿಮ್ಮದೋ ಬ್ಯಾಂಕಿನದೋ ಆಗಿರಬೇಕು. ಈ ಯೋಜನೆಗೆಂದೇ ಸರ್ಕಾರಿ ಬ್ಯಾಂಕುಗಳು ಅಡಮಾನ ಇಲ್ಲದೆ ಕಡಿಮೆ ಬಡ್ಡಿಗೆ ಸಾಲ ಕೊಡುತ್ತವೆ. ಫಲಕದೊಳಗಿನ ಕೋಶವೂ ಭಾರತದಲ್ಲೇ ತಯಾರಾಗಿರಬೇಕು, ಹಾಕುವವರು ಯೋಜನೆಯ ಜಾಲತಾಣದಲ್ಲಿ ನೋಂದಾಯಿತರಾಗಿರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಸಬ್ಸಿಡಿ ಇಲ್ಲ.

ಈಗ ಮಳೆಯ ಮಾತು. 1 ಕಿಲೋವಾಟ್ ಫಲಕ ಒಳ್ಳೆಯ ಬಿಸಿಲಿಗೆ ದಿನಕ್ಕೆ 4 ಯೂನಿಟ್ ಕೊಡುತ್ತದೆ ಎಂದು ಮಾರುವವರು ಹೇಳುತ್ತಾರೆ. ಶಿಕಾರಿಪುರ, ಭದ್ರಾವತಿ ಕಡೆ ಆ ಲೆಕ್ಕ ವರ್ಷದ ಸರಾಸರಿಗೆ ಹತ್ತಿರವಿರುತ್ತದೆ. ಆಗುಂಬೆಯ ಸೆರಗಿನಲ್ಲಿರುವ ನಿಮಗೆ ಜೂನ್‌ನಿಂದ ಆಗಸ್ಟ್‌ವರೆಗೆ ಅದು ಹೊಂದುವುದಿಲ್ಲ. ಆಗ ಅರ್ಧವೂ ಬಾರದ ವಾರಗಳಿರುತ್ತವೆ. ಅಕ್ಟೋಬರ್‌ನಿಂದ ಮೇವರೆಗಿನ ಬಿಸಿಲೇ ನಿಮ್ಮ ಗಳಿಕೆ. ಅಷ್ಟಾದರೂ 260–300 ಯೂನಿಟ್ ಬಳಸುವ, ಗೃಹಜ್ಯೋತಿ ಸಿಗದ ನಿಮ್ಮ ಮನೆಗೆ 3 ಕಿಲೋವಾಟ್ ಹಾಕಿಸಿ ಎಂದೇ ಹೇಳುತ್ತೇನೆ. ಸೊನ್ನೆ ಬಿಲ್ ಬರುವ ಮನೆಯವರು ಸಾಲ ಮಾಡಿ ಹಾಕಿಸುವುದನ್ನು ಮಾತ್ರ ಒಪ್ಪುವುದಿಲ್ಲ.

ಮೋಡಕ್ಕಿಂತ ಹೆಚ್ಚು ಕಾಡುವುದು ತೋಟದ ನೆರಳು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಸೂರಿನ ಮೇಲೆ ಅಡಿಕೆ, ತೆಂಗಿನ ನೆರಳು ಎಲ್ಲಿ ಬೀಳುತ್ತದೆ ಎಂದು ಡಿಸೆಂಬರ್‌ನಲ್ಲಿ ನೋಡಿ, ಆಗ ಸೂರ್ಯ ತೆಂಕಣಕ್ಕೆ ಬಾಗಿರುತ್ತಾನೆ. ಒಂದು ಫಲಕದ ಮೂಲೆಗೆ ನೆರಳು ಬಿದ್ದರೂ ಅದೇ ಸಾಲಿನ ಉಳಿದವೂ ಸೊರಗುತ್ತವೆ. ತೆಂಕು ಮುಖದ ಇಳಿಜಾರು ಖಾಲಿ ಇದ್ದರೆ ಹೆಂಚಿನ ಸೂರೂ ಆದೀತು, ಆದರೆ ಒಂದೊಂದು ಫಲಕ ಇಪ್ಪತ್ತೈದು ಕಿಲೋ ಆಸುಪಾಸು ತೂಗುತ್ತದೆ. ಕೊಕ್ಕೆಯನ್ನು ರೀಪಿಗೆ ಹೊಡೆಯಲು ಬಿಡಬೇಡಿ, ಪಕಾಸಿಗೇ ಬಿಗಿಯಬೇಕು. ಗೆದ್ದಲು ಹಿಡಿದ ಪಕಾಸು ಇದ್ದರೆ ಮೊದಲು ಬಡಗಿಯನ್ನು ಕರೆಸಿ. ಅಡಿಕೆ ಒಣಗಿಸುವ ಅಂಗಳದ ಮೇಲೆ ಚೌಕಟ್ಟು ಎಬ್ಬಿಸುವ ಸಲಹೆ ಯಾರಾದರೂ ಕೊಟ್ಟರೆ ಬೇಡ ಎನ್ನಿ, ಅಡಿಕೆಗೆ ಆ ಬಿಸಿಲು ಬೇಕು. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿಗೆ ಸಿಡಿಲು ನಿರೋಧಕ ಮತ್ತು ಅದಕ್ಕೇ ಪ್ರತ್ಯೇಕ ಅರ್ಥಿಂಗ್ ಇರಲೇಬೇಕು. ಮಂಗಗಳ ಕಾಟವಿರುವ ಕಡೆ ವೈರುಗಳನ್ನು ಕೊಳವೆಯೊಳಗೆ ಸಾಗಿಸಿ.

ಇನ್ನೊಂದು ಸಂಗತಿಯನ್ನು ಮಾರುವವರು ತಾವಾಗಿ ಹೇಳುವುದು ಕಡಿಮೆ. ಲೈನಿನಲ್ಲಿ ಕರೆಂಟ್ ಹೋದರೆ ಈ ಸೋಲಾರೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಉಳಿಯಲಿ ಎಂದೇ ಆ ಏರ್ಪಾಡು. ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಾಗ ಫಲಕ ನೆಚ್ಚಿಕೊಂಡು ಕೂರುವಂತಿಲ್ಲ. ಅದಕ್ಕೆ ಬ್ಯಾಟರಿ ಇರುವ ವ್ಯವಸ್ಥೆ ಬೇಕು, ಆ ಬ್ಯಾಟರಿಗೆ ಈ ಸಬ್ಸಿಡಿ ಇಲ್ಲ. ಈಗಿರುವ ಇನ್ವರ್ಟರ್ ಹಾಗೇ ಉಳಿಸಿಕೊಳ್ಳಿ.

ಪ್ರಶ್ನೆ: ಭದ್ರಾವತಿಯ ನಮ್ಮ ಬೀದಿಗೆ ಇಬ್ಬರು ಬಂದು, ಸರ್ಕಾರದಿಂದ ಉಚಿತ ಸೋಲಾರ್, ನೋಂದಣಿಗೆ ಎರಡು ಸಾವಿರ ಮತ್ತು ಮೊಬೈಲ್‌ಗೆ ಬರುವ ಒಟಿಪಿ ಕೊಡಿ ಎಂದರು. ನಂಬಬಹುದೇ?

ಉತ್ತರ: ಬೇಡ. ಅರ್ಜಿಯನ್ನು ಜಾಲತಾಣದಲ್ಲಿ ನೀವೇ ಹಾಕಬಹುದು, ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ಒಟಿಪಿಯನ್ನು ಬಾಗಿಲಿಗೆ ಬಂದ ಯಾರಿಗೂ ಹೇಳಬೇಡಿ. ಈಗಾಗಲೇ ಹೇಳಿಬಿಟ್ಟಿದ್ದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ, ಸೈಬರ್ ಅಪರಾಧದ 1930 ಸಹಾಯವಾಣಿಗೆ ಕರೆ ಮಾಡಿ.

ಪ್ರಶ್ನೆ: ಹೊಸನಗರದ ಹತ್ತಿರದ ಹಳ್ಳಿ ನಮ್ಮದು. ಅತ್ತೆ ಇನ್ನೂ ಸೌದೆ ಒಲೆಯಲ್ಲೇ ಅಡಿಗೆ ಮಾಡುತ್ತಾರೆ, ಹೊಗೆಗೆ ಕೆಮ್ಮು. ಮನೆಯಲ್ಲಿ ಮಾವನ ಹೆಸರಿನ ಗ್ಯಾಸ್ ಇದೆ. ನನ್ನ ಹೆಸರಿಗೆ ಉಜ್ವಲಾ ಸಿಗುತ್ತದೆಯೇ? ಎರಡು ಮಲೆನಾಡು ಗಿಡ್ಡ ಹಸು ಇವೆ, ಗೋಬರ್ ಗ್ಯಾಸ್ ಮಾಡಿಸಬಹುದೇ?

ಉತ್ತರ: ಉಜ್ವಲಾ ಸಿಗುವುದಿಲ್ಲ. 2016ರಲ್ಲಿ ಶುರುವಾದ ಆ ಯೋಜನೆ, ಮನೆಯಲ್ಲಿ ಯಾರ ಹೆಸರಿನಲ್ಲೂ ಗ್ಯಾಸ್ ಇಲ್ಲದ ಬಡ ಕುಟುಂಬದ ವಯಸ್ಕ ಹೆಣ್ಣುಮಕ್ಕಳಿಗೆ. ಮಾವನ ಸಂಪರ್ಕ ಮುಚ್ಚಿಟ್ಟು ಅರ್ಜಿ ಹಾಕಿದರೆ ಆಧಾರ್ ತಾಳೆ ಮಾಡುವಾಗ ಗೊತ್ತಾಗಿಬಿಡುತ್ತದೆ.

ಗೋಬರ್ ಗ್ಯಾಸಿನ ಬಗ್ಗೆ ನಿಮಗೆ ನಿಜ ಹೇಳಬೇಕು. ನಾಲ್ಕೈದು ಜನರ ಅಡಿಗೆಗೆ 2 ಘನ ಮೀಟರಿನ ಘಟಕ ಬೇಕು, ಅದಕ್ಕೆ ದಿನಕ್ಕೆ 50 ಕಿಲೋ ಸಗಣಿ. ಗಿಡ್ಡ ತಳಿ ಸಣ್ಣದು, ಹಗಲು ಗುಡ್ಡದಲ್ಲಿ ಮೇಯುತ್ತದೆ, ಕೊಟ್ಟಿಗೆಯಲ್ಲಿ ಸಿಗುವುದು ರಾತ್ರಿಯ ಸಗಣಿ ಮಾತ್ರ. ಎರಡು ಹಸುವಿಗೆ ಇದು ಆಗದ ಮಾತು. ಚಳಿ, ಮಳೆಯಲ್ಲಿ ಗ್ಯಾಸ್ ಮತ್ತೂ ಇಳಿಯುತ್ತದೆ. ನೆರೆಮನೆಯವರ ಸಗಣಿಯೂ ಸೇರುವುದಾದರೆ ಯೋಚಿಸಿ, ಆಗ ಹೊರಬರುವ ಬಗ್ಗಡವೇ ತೋಟಕ್ಕೆ ಒಳ್ಳೆಯ ಗೊಬ್ಬರ. ಇಲ್ಲದಿದ್ದರೆ ಇರುವ ಗ್ಯಾಸಿನಲ್ಲಿ ಅನ್ನ, ಸಾರು ಮಾಡಿಕೊಂಡು, ಹೆಚ್ಚು ಹೊತ್ತು ಬೇಯುವುದಕ್ಕೆ ಹೊಗೆ ಕೊಳವೆ ಇರುವ ಅಸ್ತ್ರ ಒಲೆ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರದವರು ನಮ್ಮ ಹಳ್ಳಿಯ ಅಡಿಗೆಮನೆಗಳಿಗಾಗಿಯೇ ರೂಪಿಸಿದ ಒಲೆ ಇದು. ಸೌದೆ ಉಳಿಯುತ್ತದೆ, ಹೊಗೆ ಸೂರಿನಾಚೆ ಹೋಗುತ್ತದೆ. ಕಟ್ಟಲು ಅಳತೆ ಬಲ್ಲವರೇ ಬೇಕು. ಬೆಂಕಿಗೂಡಿನ ಗಾತ್ರ, ಗಾಳಿಕಂಡಿ ಅಂದಾಜಿನಲ್ಲಿ ಮಾಡಿದರೆ ಹೊಗೆ ಮತ್ತೆ ಅಡಿಗೆಮನೆಗೇ ತುಂಬುತ್ತದೆ. ಕೊಳವೆಯನ್ನು ತಿಂಗಳಿಗೊಮ್ಮೆ ಮಸಿ ತೆಗೆದು ಚೊಕ್ಕಟ ಮಾಡುತ್ತಿರಿ. ಅತ್ತೆಯ ಕೆಮ್ಮು ವಾರಗಟ್ಟಲೆ ಬಿಡದಿದ್ದರೆ ಒಲೆಗೆ ಕಾಯದೆ ವೈದ್ಯರಿಗೆ ತೋರಿಸಿ.