ಐಬಿಎಸ್‌ಗೆ ತೋಟದ ಮೆಣಸು, ಅರಿಶಿನ ಸಾಲದಾ?

ಮಡಿಕೇರಿಯ ಒಬ್ಬರ ಪ್ರಶ್ನೆ: ಹೊಟ್ಟೆ ಹಿಂಡುವ ಐಬಿಎಸ್‌ಗೆ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಕರುಳು ಪದೇ ಪದೇ ಕೆರಳುವ ತೊಂದರೆ) ಡಾಕ್ಟರು ಪೆಪ್ಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲ್ ಬರೆದಿದ್ದಾರೆ. ಮನೆಯ ಅರಿಶಿನ, ಕಾಳುಮೆಣಸಿನ ಕಷಾಯ ಸಾಲದಾ?

ನೋವಿಗೆ ಸಾಲದು. ಪೆಪ್ಪರ್‌ಮಿಂಟ್ ನಮ್ಮ ಪುದಿನದ ನೆಂಟ. ಅದರ ಮೆಂಥಾಲ್, ಕರುಳಿನ ಸ್ನಾಯುವಿನೊಳಗೆ ಕ್ಯಾಲ್ಸಿಯಂ ನುಗ್ಗುವುದನ್ನು ತಡೆಯುತ್ತದೆ. ಕ್ಯಾಲ್ಸಿಯಂ ಸಿಗದಿದ್ದರೆ ಸ್ನಾಯು ಬಿಗಿಯಲಾರದು, ಹಿಂಡುವ ನೋವು ಸಡಿಲವಾಗುತ್ತದೆ. ಕ್ಯಾಪ್ಸೂಲಿನ ಹೊರಪದರ ಜಠರದ ಆಮ್ಲಕ್ಕೆ ಕರಗುವುದಿಲ್ಲ, ಮುಂದೆ ಕರುಳಿನಲ್ಲಿ ಕರಗುತ್ತದೆ. ಹಾಗಾಗಿ ದಯವಿಟ್ಟು ಕಚ್ಚಬೇಡಿ, ಇಡಿಯಾಗಿ ನುಂಗಿ. ಜಠರದಲ್ಲೇ ಒಡೆದರೆ ಅನ್ನನಾಳದ ಕೆಳಬಾಗಿಲೂ ಸಡಿಲವಾಗಿ ಎದೆಯುರಿ ಬರುತ್ತದೆ.

ಅರಿಶಿನದ ವಿಷಯ ಬೇರೆ. ಅದರ ಕರ್ಕ್ಯುಮಿನ್, ಕರುಳಿನ ಒಳಗೋಡೆಯ ಜೀವಕೋಶಗಳ ನಡುವಿನ ಬೆಸುಗೆಯನ್ನು ಗಟ್ಟಿ ಮಾಡುವುದು ಲ್ಯಾಬ್‌ನಲ್ಲಿ ಕಂಡಿದೆ. ಆದರೆ ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಮೆಣಸಿನ ಪೈಪರಿನ್ ಜೊತೆಗಿದ್ದರೆ ಜಾಸ್ತಿ ಸೇರುತ್ತದೆ, ಆ ಜೋಡಿ ನನಗೂ ಇಷ್ಟ. ಆದರೂ ಅದನ್ನು ಔಷಧಿ ಅನ್ನುವಷ್ಟು ಆಧಾರ ಇನ್ನೂ ಇಲ್ಲ. ಮೇಲಾಗಿ ಐಬಿಎಸ್ ಇರುವ ಕೆಲವರಿಗೆ ಪಂದಿ ಕರಿಯಂಥ ಖಾರ, ಬೆಳಗಿನ ಖಾಲಿ ಹೊಟ್ಟೆಯ ಕಾಫಿ ಎರಡೂ ಕರುಳನ್ನು ಕೆರಳಿಸುತ್ತವೆ, ಗಮನಿಸಿ ನೋಡಿ.

ಮಲದಲ್ಲಿ ರಕ್ತ ಕಂಡರೆ, ತೂಕ ಸುಮ್ನೆ ಇಳಿಯುತ್ತಿದ್ದರೆ ಕಷಾಯ ಕಾಯಿಸುತ್ತಾ ಕೂರಬೇಡಿ, ತಕ್ಷಣ ಡಾಕ್ಟರಿಗೆ ತೋರಿಸಿ.